ಕೊನೆಯಲ್ಲಿ ಹಾಕುವ ಹನಿ

ಕ್ಯಾಲ್ಸಿಯಂ ಎಂದರೆ ನಮ್ಮ ಮನೆಗಳಲ್ಲಿ ಮೂಳೆಯ ಮಾತು. ಮಂಡಿ ಹಿಡಿದುಕೊಂಡು ಏಳುವ ಅತ್ತೆಗೆ ವೈದ್ಯರು ಬರೆದುಕೊಟ್ಟ ಮಾತ್ರೆ, ಬೆಳೆಯುವ ಮಕ್ಕಳಿಗೆ ಲೋಟದ ತುಂಬ ಹಾಲು, ಮೊಮ್ಮಗುವಿಗೆ ಬಟ್ಟೆಯಲ್ಲಿ ಸೋಸಿದ ರಾಗಿ ಸರಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ ಎಂಬ ಲೆಕ್ಕ ತಿಳಿಯುವ ಎಷ್ಟೋ ಮೊದಲೇ ನಮ್ಮವರು ಮುದ್ದೆ ಕಟ್ಟಿ ಉಂಡಿದ್ದಾರೆ. ಊಟವಾದ ಮೇಲೆ ವೀಳ್ಯದೆಲೆಗೆ ಸವರುವ ಸುಣ್ಣವೂ ಇದೇ ಧಾತುವಿನ ಇನ್ನೊಂದು ಅವತಾರ. ವಯಸ್ಕರ ಮೈಯಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ನೂರರಲ್ಲಿ 99 ಪಾಲು ಮೂಳೆಗೆ, ಹಲ್ಲಿಗೆ ಸೇರಿದ್ದು. ಉಳಿದ ಒಂದು ಪಾಲಿನ ಬಗ್ಗೆ ನಾವು ಮಾತಾಡುವುದು ಕಡಿಮೆ. ಇವತ್ತು ಅದರ ಸುದ್ದಿ.

ಆ ಒಂದು ಪಾಲು ರಕ್ತದಲ್ಲಿ, ಜೀವಕೋಶಗಳ ನಡುವಿನ ದ್ರವದಲ್ಲಿ, ಕೋಶಗಳೊಳಗಿನ ಪುಟ್ಟ ಉಗ್ರಾಣಗಳಲ್ಲಿ ಇರುತ್ತದೆ. ಜೀವಕೋಶದ ಒಳಗಿನ ರಸದಲ್ಲಿ ಮಾತ್ರ ಅದು ಇಲ್ಲವೆನ್ನುವಷ್ಟು ಕಡಿಮೆ: ಹೊರಗಿರುವುದರ ಹತ್ತು ಸಾವಿರದಲ್ಲಿ ಒಂದು ಪಾಲು. ಇದು ತಾನಾಗಿ ಆದ ವ್ಯವಸ್ಥೆಯಲ್ಲ. ಕೋಶದ ಪೊರೆಯಲ್ಲಿರುವ ಪಂಪುಗಳು ಹಗಲಿರುಳೂ ಶಕ್ತಿ ಖರ್ಚು ಮಾಡಿ, ಒಳಗೆ ನುಸುಳಿದ ಕ್ಯಾಲ್ಸಿಯಂ ಕಣಗಳನ್ನು ಹೊರಗೆ ತಳ್ಳುತ್ತಲೇ ಇರುತ್ತವೆ. ಹೀಗೆ ತಗ್ಗಿಸಿಟ್ಟಿರುವುದರಿಂದಲೇ, ಹೊರಗಿನಿಂದ ಒಂದು ಸಂದೇಶ ಬಂದು ಬಾಗಿಲು ಕ್ಷಣ ಹೊತ್ತು ತೆರೆದರೂ ಒಳಗೆ ದೊಡ್ಡ ವ್ಯತ್ಯಾಸವಾಗುತ್ತದೆ. ಸ್ನಾಯು ಸಂಕುಚಿಸುವುದು, ನರ ತನ್ನ ಪಕ್ಕದ ನರಕ್ಕೆ ಸುದ್ದಿ ಮುಟ್ಟಿಸುವುದು, ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುವುದು, ಎಲ್ಲಕ್ಕೂ ಈ ಏರಿಕೆ ಬೇಕು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಗೈತಿ ಹಸನ್ ಮತ್ತವರ ಬಳಗ ಹಣ್ಣಿನ ನೊಣಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ತೋರಿಸಿದ ಸಂಗತಿ ಇಲ್ಲಿ ನೆನಪಿಗೆ ಬರುತ್ತದೆ. ನರಕೋಶದೊಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಬಿಡುವ ಬಾಗಿಲು ಕೆಟ್ಟರೆ ನೊಣಕ್ಕೆ ರೆಕ್ಕೆ ಇದ್ದೂ ಸರಿಯಾಗಿ ಹಾರಲು ಬರುವುದಿಲ್ಲ.

ಹೃದಯಕ್ಕೂ ಕ್ಯಾಲ್ಸಿಯಂ ಬೇಕೆಂದು ತಿಳಿದದ್ದು ಒಂದು ವಿಚಿತ್ರ ಪ್ರಸಂಗದಲ್ಲಿ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಹೊರತೆಗೆದು, ಉಪ್ಪುನೀರಿನಲ್ಲಿ ಅದು ಎಷ್ಟು ಹೊತ್ತು ಮಿಡಿಯುತ್ತದೆಂದು ನೋಡುತ್ತಿದ್ದ. 1882ರಲ್ಲಿ ಅದರ ಫಲಿತಾಂಶ ಪ್ರಕಟವೂ ಆಯಿತು. ಆಮೇಲೆ ಗೊತ್ತಾಯಿತು, ಆ ದ್ರಾವಣ ಮಾಡಲು ಬಳಸಿದ್ದು ಬಟ್ಟಿ ಇಳಿಸಿದ ಶುದ್ಧ ನೀರಲ್ಲ, ನ್ಯೂ ರಿವರ್ ಎಂಬ ಕಂಪನಿ ಊರಿಗೆಲ್ಲ ಕೊಡುತ್ತಿದ್ದ ನಲ್ಲಿಯ ನೀರು. ಶುದ್ಧ ನೀರಿನಲ್ಲಿ ಮಾಡಿ ನೋಡಿದರೆ ಹೃದಯ ಬೇಗನೆ ನಿಂತುಹೋಗುತ್ತಿತ್ತು. ನಲ್ಲಿ ನೀರಿನಲ್ಲಿದ್ದ ಚೂರು ಕ್ಯಾಲ್ಸಿಯಂ ಅದನ್ನು ಮಿಡಿಸುತ್ತಿತ್ತು. ರಿಂಗರ್ ಇದನ್ನು ಮುಚ್ಚಿಡಲಿಲ್ಲ. 1883ರಲ್ಲಿ ಇನ್ನೊಂದು ಲೇಖನ ಬರೆದು, ಹಿಂದಿನ ದ್ರಾವಣದ ನೀರು ಯಾವುದೆಂದು ಮೊದಲಿಗೇ ಹೇಳಿ, ಆಮೇಲೆ ಕ್ಯಾಲ್ಸಿಯಮ್ಮಿನ ವಿಷಯಕ್ಕೆ ಬಂದ. ನಮ್ಮ ಆಸ್ಪತ್ರೆಗಳಲ್ಲಿ ಹಾಸಿಗೆಯ ಪಕ್ಕ ತೂಗುಹಾಕುವ ಆರ್‌ಎಲ್ ಬಾಟಲಿಯ ‘ಆರ್’ ಈತನದೇ ಹೆಸರು. ಅದರಲ್ಲಿ ಈಗಲೂ ತುಸು ಕ್ಯಾಲ್ಸಿಯಂ ಇದೆ. (ಅದಕ್ಕೇ ಆ ಬಾಟಲಿಯನ್ನೂ ರಕ್ತದ ಚೀಲವನ್ನೂ ಒಂದೇ ಕೊಳವೆಯಲ್ಲಿ ಹರಿಸಲು ನರ್ಸಮ್ಮ ಒಪ್ಪುವುದಿಲ್ಲ. ದಾನದ ರಕ್ತ ಹೆಪ್ಪುಗಟ್ಟದಿರಲೆಂದು ಅದರ ಕ್ಯಾಲ್ಸಿಯಂ ಅನ್ನು ಸಿಟ್ರೇಟ್ ಹಾಕಿ ಕಟ್ಟಿರುತ್ತಾರೆ. ಹೊರಗಿನ ಕ್ಯಾಲ್ಸಿಯಂ ಸೇರಿದರೆ ಮತ್ತೆ ಹೆಪ್ಪುಗಟ್ಟಬಹುದು.)

ಕ್ಯಾಲ್ಸಿಯಂ ಬೇಕು ಎಂದು ತಿಳಿದ ಮೇಲೂ, ಬೇಕೆಂದಾಗ ಅದನ್ನು ಕೋಶದೊಳಗೆ ಕಳಿಸುವ ಉಪಾಯ ಬಹುಕಾಲ ಸಿಗಲಿಲ್ಲ. ಕೋಶದ ಪೊರೆ ಎಣ್ಣೆಯಂಥ ಕೊಬ್ಬಿನದು. ಕ್ಯಾಲ್ಸಿಯಂ ವಿದ್ಯುದಂಶ ಹೊತ್ತ ಕಣ, ನೀರನ್ನು ಬಿಟ್ಟು ಕೊಬ್ಬಿಗೆ ಕಾಲಿಡದು. ಆ ಉಪಾಯ ಬಂದದ್ದು ಮಣ್ಣಿನಿಂದ. ಮೊದಲ ಮಳೆಗೆ ನೆಲದಿಂದ ಒಂದು ವಾಸನೆ ಏಳುತ್ತದಲ್ಲ, ಅದಕ್ಕೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ತಯಾರಿಸುವ ಸೂಕ್ಷ್ಮಜೀವಿಗಳಲ್ಲಿ ಸ್ಟ್ರೆಪ್ಟೊಮೈಸಿಸ್ ಕುಲದವು ಮುಖ್ಯ. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಇದೇ ಕುಲದ ಕೊಡುಗೆ. ಅದರ ಒಂದು ಪ್ರಭೇದದಿಂದ ಅಮೆರಿಕದ ಎಲಿ ಲಿಲ್ಲಿ ಎಂಬ ಔಷಧ ಕಂಪನಿ ಬೇರ್ಪಡಿಸಿದ ಒಂದು ವಸ್ತುವಿಗೆ ಹೆಸರೇ ಇರಲಿಲ್ಲ, ಕಪಾಟಿನ ಕ್ರಮಸಂಖ್ಯೆಯಂತೆ ಎ-23187 ಎಂದಷ್ಟೇ ಕರೆದರು. 1972ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪೀಟರ್ ರೀಡ್ ಮತ್ತು ಹೆನ್ರಿ ಲಾರ್ಡಿ ಅದರ ಗುಣ ಬಯಲುಮಾಡಿದರು: ಈ ವಸ್ತು ಕ್ಯಾಲ್ಸಿಯಂ ಅನ್ನು ಪೊರೆ ದಾಟಿಸುತ್ತದೆ.

ಈ ಲಾರ್ಡಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಆತ ಸೌತ್ ಡಕೋಟದ ಹಳ್ಳಿಗಾಡಿನಿಂದ ಬಂದವ. ವಿದ್ಯಾರ್ಥಿಯಾಗಿದ್ದಾಗ, 1940ರ ಸುಮಾರಿಗೆ, ತನ್ನ ಗುರು ಪಾಲ್ ಫಿಲಿಪ್ಸ್ ಜೊತೆ ಸೇರಿ ಹೋರಿಯ ವೀರ್ಯವನ್ನು ಕೆಡದಂತೆ ಇಡುವ ದಾರಿ ಕಂಡುಹಿಡಿದ. ಅದಕ್ಕೆ ಬೇಕಾದದ್ದು ಕೋಳಿಮೊಟ್ಟೆಯ ಹಳದಿ. ಅದನ್ನು ಬೆರೆಸಿದ ದ್ರಾವಣದಲ್ಲಿ ವೀರ್ಯಾಣುಗಳು ತಂಪಿನ ಹೊಡೆತ ತಾಳಿಕೊಂಡು ದಿನಗಟ್ಟಲೆ ಬದುಕುತ್ತಿದ್ದವು. ಇಂದು ನಮ್ಮ ಹಳ್ಳಿಗಳಲ್ಲಿ ಹಸು ಬೆದೆಗೆ ಬಂತೆಂದು ಫೋನು ಮಾಡಿದರೆ ಕ್ಯಾನು ಹಿಡಿದು ಬೈಕಿನಲ್ಲಿ ಬರುವ ಕೃತಕ ಗರ್ಭಧಾರಣೆಯವರ ಕಸುಬಿನ ಬೇರುಗಳಲ್ಲಿ ಆ ಹಳದಿಯೂ ಒಂದು. ಒಬ್ಬನೇ ಮನುಷ್ಯ ಹಟ್ಟಿಗೂ ಬೇಕಾದವನಾದ, ಜೀವಕೋಶದ ಪೊರೆಗೂ ಬೇಕಾದವನಾದ. ದೊಡ್ಡ ಪ್ರಶ್ನೆ, ಚಿಕ್ಕ ಪ್ರಶ್ನೆ ಎಂದು ಭೇದ ಮಾಡದವರ ಕೆಲಸ ಹೀಗೇ ಇರುತ್ತದೇನೋ.

ಎ-23187 ಕೆಲಸ ಮಾಡುವ ರೀತಿಗೆ ತುಂಗಭದ್ರೆಯ ಹರಿಗೋಲು ಒಳ್ಳೆಯ ಹೋಲಿಕೆ. ಎರಡು ಅಣುಗಳು ಸೇರಿ ಒಂದು ಕ್ಯಾಲ್ಸಿಯಂ ಕಣವನ್ನು ನಡುವೆ ಕೂರಿಸಿಕೊಳ್ಳುತ್ತವೆ. ಹೊರಮೈ ಕೊಬ್ಬಿಗೆ ಒಗ್ಗುವಂಥದು, ಒಳಮೈ ಕ್ಯಾಲ್ಸಿಯಂಗೆ ಒಗ್ಗುವಂಥದು. ಪೊರೆಯನ್ನು ಹಾಯ್ದು ಆಚೆ ದಡಕ್ಕೆ ಇಳಿಸಿ, ಹಿಂದಕ್ಕೆ ಬರುವಾಗ ಹೈಡ್ರೋಜನ್ ಕಣಗಳನ್ನು ಹೊತ್ತು ತರುತ್ತವೆ. ಇಂಥ ವಸ್ತುಗಳಿಗೆ ಅಯಾನೊಫೋರ್ ಎಂದು ಹೆಸರು. ಕೆಲವು ವರ್ಷಗಳ ನಂತರ, 1978ರಲ್ಲಿ, ಇದೇ ಮಣ್ಣಿನ ಕುಲದ ಇನ್ನೊಂದು ಪ್ರಭೇದದಿಂದ ಅಯಾನೊಮೈಸಿನ್ ಎಂಬುದು ಬಂತು. ಅದು ಒಂಟಿಯಾಗಿಯೇ ಒಂದು ಕಣವನ್ನು ದಾಟಿಸುತ್ತದೆ, ಕ್ಯಾಲ್ಸಿಯಂ ಮೇಲೆ ಅದಕ್ಕೆ ಒಲವೂ ಹೆಚ್ಚು. ಈಗ ಪ್ರಯೋಗಾಲಯಗಳ ಫ್ರೀಜರಿನಲ್ಲಿ, ಮೈನಸ್ 20 ಡಿಗ್ರಿಯಲ್ಲಿ, ಬೆರಳ ತುದಿಯಷ್ಟು ಪುಟ್ಟ ಶೀಸೆಯಲ್ಲಿ ಒಂದೋ ಎರಡೋ ಮಿಲಿಗ್ರಾಂ ಇರುತ್ತದೆ. ಬಳಸುವಾಗ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, ಹನಿಯ ಒಂದಂಶವನ್ನು ತೆಗೆದು ಹಾಕುತ್ತಾರೆ.

ಹರಿಗೋಲು ಸಿಕ್ಕಿದ್ದೇ ಎಪ್ಪತ್ತರ ದಶಕದ ಸಂಶೋಧಕರು ಕಂಡ ಕಂಡ ಕೋಶಕ್ಕೆಲ್ಲ ಅದನ್ನು ಇಳಿಸಿದರು. ಅಲರ್ಜಿ ಎಬ್ಬಿಸುವ ಕೋಶಗಳು ಯಾವ ಧೂಳೂ ತಾಗದೆ ಹಿಸ್ಟಮಿನ್ ಉಗುಳಿದವು. ಗಾಯವೇ ಆಗದೆ ರಕ್ತದ ಕಿರುಫಲಕಗಳು ತಮ್ಮ ಸರಕು ಹೊರಹಾಕಿದವು. ರೋಗನಿರೋಧಕ ಟಿ-ಕೋಶಗಳನ್ನು ಎಬ್ಬಿಸಲು ಇವತ್ತಿಗೂ ಅಯಾನೊಮೈಸಿನ್ ಜೊತೆಗೆ ಪಿಎಂಎ ಎಂಬ ಇನ್ನೊಂದು ವಸ್ತುವನ್ನು ಸೇರಿಸುತ್ತಾರೆ. ಅದರ ಮೂಲ ಜಾಪಾಳದ ಬೀಜದ ಎಣ್ಣೆ. ಜಾಪಾಳದ ಮಾತ್ರೆಯ ಮಹಿಮೆ ಬಲ್ಲ ಹಿರಿಯರಿಗೆ, ಅದು ಕರುಳನ್ನಷ್ಟೇ ಅಲ್ಲ, ರಕ್ತಕಣವನ್ನೂ ಸುಮ್ಮನಿರಲು ಬಿಡುವುದಿಲ್ಲ ಎಂಬುದು ನಗು ತರಿಸೀತು. ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು 1974ರಲ್ಲಿ ರಿಚರ್ಡ್ ಸ್ಟೈನ್‌ಹಾರ್ಟ್ ಮತ್ತು ಡೇವಿಡ್ ಎಪೆಲ್ ಪ್ರಕಟಿಸಿದ ಪ್ರಯೋಗ. ಮೈತುಂಬ ಮುಳ್ಳಿರುವ ಸೀ ಅರ್ಚಿನ್ ಎಂಬ ಕಡಲಜೀವಿಯ ಮೊಟ್ಟೆಗಳಿಗೆ ಗಂಡಿನ ಸಂಪರ್ಕವೇ ಇಲ್ಲದೆ ಎ-23187 ಹಾಕಿದರೆ, ಫಲಿತಗೊಂಡ ಮೊಟ್ಟೆಯಂತೆಯೇ ಅವು ಮೈಮೇಲೆ ಪೊರೆ ಎಬ್ಬಿಸಿಕೊಂಡವು. ಸುತ್ತಲಿನ ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೂ ಹಾಗೆಯೇ ಆಯಿತು. ಬೇಕಾದ ಕ್ಯಾಲ್ಸಿಯಂ ಮೊಟ್ಟೆಯೊಳಗಿನ ಉಗ್ರಾಣದಲ್ಲೇ ಇತ್ತು, ಬಿಡಿಸುವುದೊಂದು ಬಾಕಿ ಇತ್ತು.

ಆದರೆ ಇಂದಿನ ಪ್ರಯೋಗಾಲಯದಲ್ಲಿ ಈ ಹನಿಗೆ ಅಂಥ ವೈಭವದ ಕೆಲಸ ಸಿಗುವುದು ಅಪರೂಪ. ಅದರ ದಿನನಿತ್ಯದ ಕೆಲಸ ಬೇರೆ, ನನಗೆ ಅದೇ ಹೆಚ್ಚು ಇಷ್ಟ.

ಕೋಶದೊಳಗಿನ ಕ್ಯಾಲ್ಸಿಯಂ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಾಣುವಂತೆ ಮಾಡಿದವರಲ್ಲಿ ಇಬ್ಬರ ಹೆಸರು ಹೇಳಲೇಬೇಕು. ಜಪಾನಿನ ಒಸಾಮು ಶಿಮೊಮುರಾ 1961ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಜೆಲ್ಲಿಮೀನುಗಳನ್ನು ರಾಶಿ ರಾಶಿ ಹಿಡಿದು ಅವುಗಳ ಬೆಳಕಿನ ಗುಟ್ಟು ಹುಡುಕುತ್ತಿದ್ದರು. ಒಂದು ದಿನ ಉಳಿದ ದ್ರಾವಣವನ್ನು ಸಿಂಕಿಗೆ ಚೆಲ್ಲಿದಾಗ ಫಕ್ಕನೆ ನೀಲಿ ಬೆಳಕು ಹೊಳೆಯಿತು. ಆ ಸಿಂಕಿಗೆ ಮೀನುತೊಟ್ಟಿಯ ಸಮುದ್ರದ ನೀರು ಹರಿದು ಬರುತ್ತಿತ್ತು. ಸಮುದ್ರದ ನೀರಿನ ಕ್ಯಾಲ್ಸಿಯಂ ತಾಗಿದರೆ ಆ ಪ್ರೋಟೀನು ಬೆಳಗುತ್ತದೆ ಎಂದು ತಿಳಿದದ್ದು ಹಾಗೆ. ಮುಂದೆ ರೋಜರ್ ಚಿಯೆನ್ ಮತ್ತು ಸಂಗಡಿಗರು ಕ್ಯಾಲ್ಸಿಯಂ ಹಿಡಿದಾಗ ಬೆಳಕು ಬದಲಿಸುವ ಬಣ್ಣಗಳನ್ನು ರಸಾಯನಶಾಲೆಯಲ್ಲೇ ಕಟ್ಟಿದರು. 1985ರಲ್ಲಿ ಬಂದ ಫ್ಯೂರಾ-2 ಇವತ್ತಿಗೂ ಬಳಕೆಯಲ್ಲಿದೆ. 2008ರ ನೊಬೆಲ್ ಪುರಸ್ಕಾರದಲ್ಲಿ ಈ ಇಬ್ಬರೂ ಪಾಲುದಾರರು, ಜೆಲ್ಲಿಮೀನಿನದೇ ಇನ್ನೊಂದು ಹಸಿರು ಪ್ರೋಟೀನಿನ ಕೆಲಸಕ್ಕಾಗಿ.

ಈಗ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಹೊಸ ಔಷಧವೊಂದನ್ನು ಪರೀಕ್ಷಿಸುತ್ತಿದ್ದಾಳೆ ಎಂದುಕೊಳ್ಳಿ. ಗಾಜಿನ ಬಿಲ್ಲೆಯ ಮೇಲೆ ಕೋಶ ಬೆಳೆಸಿದ್ದಾಳೆ, ಮಬ್ಬು ಬೆಳಕಿನಲ್ಲಿ ಅರ್ಧಗಂಟೆ ಬಣ್ಣ ಕುಡಿಸಿದ್ದಾಳೆ, ಸೂಕ್ಷ್ಮದರ್ಶಕದ ಕೆಳಗಿಟ್ಟಿದ್ದಾಳೆ. ಔಷಧ ಹಾಕುತ್ತಾಳೆ. ಪರದೆಯ ಮೇಲಿನ ಗೆರೆ ಅಲ್ಲಾಡುವುದಿಲ್ಲ. ಎರಡನೇ ಸಲ ಹಾಕುತ್ತಾಳೆ, ಆಗಲೂ ಇಲ್ಲ. ಈ ಕೋಶ ಈ ಔಷಧಕ್ಕೆ ಸ್ಪಂದಿಸುವುದಿಲ್ಲ ಎಂದು ಪುಸ್ತಕದಲ್ಲಿ ಬರೆದುಕೊಂಡು ಎದ್ದು ಹೋಗಬಹುದು. ಆದರೆ ಮರುದಿನ ಗೈಡ್ ಕೇಳುವ ಮೊದಲ ಪ್ರಶ್ನೆ ಔಷಧದ್ದಲ್ಲ. “ಕೊನೆಗೆ ಅಯಾನೊಮೈಸಿನ್ ಹಾಕಿದ್ಯೇನಮ್ಮ?” ಎಂದು ಅವರು ಕೇಳುತ್ತಾರೆ. “ಇಲ್ಲ ಮೇಡಂ” ಎಂದಳೋ, ಇಡೀ ದಿನದ ಕೆಲಸ ಲೆಕ್ಕಕ್ಕಿಲ್ಲ.

ಏಕೆಂದರೆ ಗೆರೆ ಅಲ್ಲಾಡದಿರಲು ಕೋಶದ ನಿರಾಸಕ್ತಿಯೊಂದೇ ಕಾರಣವಲ್ಲ. ಬಣ್ಣ ಕೋಶದೊಳಗೆ ಇಳಿಯದೇ ಇರಬಹುದು, ಇಳಿದದ್ದು ಸೋರಿ ಹೋಗಿರಬಹುದು, ದೀಪದ ಬೆಳಕಿಗೆ ಮಾಸಿರಬಹುದು. ಕೋಶಗಳು ರಾತ್ರಿಯೇ ಸತ್ತಿರಬಹುದು. ಯಂತ್ರದ ಷಟರು ಮುಚ್ಚಿಯೇ ಇದ್ದಿರಬಹುದು, ಅದೂ ಆಗುವುದುಂಟು. ಈ ಎಲ್ಲ ಪ್ರಶ್ನೆಗಳಿಗೂ ಒಂದೇ ಹನಿಯಲ್ಲಿ ಉತ್ತರ. ಅಯಾನೊಮೈಸಿನ್ ಹಾಕಿದರೆ ಜೀವಂತ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಲೇಬೇಕು. ಗೆರೆ ದಿಗ್ಗನೆ ಮೇಲೆದ್ದರೆ ಕೋಶ ಬದುಕಿತ್ತು, ಬಣ್ಣ ಇತ್ತು, ಯಂತ್ರ ನೋಡುತ್ತಿತ್ತು. ಆಗ ಮಾತ್ರ ಹಿಂದಿನ ಮೌನಕ್ಕೆ ಬೆಲೆ: ಔಷಧಕ್ಕೆ ಕೋಶ ನಿಜಕ್ಕೂ ಉತ್ತರ ಕೊಟ್ಟಿರಲಿಲ್ಲ. ಗೆರೆ ಆಗಲೂ ಮಲಗಿಯೇ ಇದ್ದರೆ ಬರೆಯಬೇಕಾದ ಮಾತು ಬೇರೆ. ಉತ್ತರ ಬರಲಿಲ್ಲ ಎಂದೂ ಅಲ್ಲ, ಬಂತು ಎಂದೂ ಅಲ್ಲ, ನಮಗೆ ಕೇಳಿಸುವ ಸ್ಥಿತಿ ಇರಲಿಲ್ಲ ಎಂದು. ಕೊನೆಗೆ ಹಾಕುವ ಈ ಹನಿಯ ಪರೀಕ್ಷೆಗೆ ಪ್ರಯೋಗಾಲಯದವರು ಪಾಸಿಟಿವ್ ಕಂಟ್ರೋಲ್ ಎಂದು ಹೇಳುತ್ತಾರೆ. ಅಷ್ಟೇ ಅಲ್ಲ, ಬಣ್ಣ ಅತಿ ಹೆಚ್ಚೆಂದರೆ ಎಷ್ಟು ಬೆಳಗೀತು ಎಂಬ ಅಳತೆಯೂ ಈ ಹನಿಯಿಂದಲೇ ಸಿಗುತ್ತದೆ. ಆಮೇಲೆ ಕ್ಯಾಲ್ಸಿಯಂ ಹೀರುವ ಇಜಿಟಿಎ ಎಂಬ ಪುಡಿಯ ದ್ರಾವಣ ಹಾಕಿ ಅತಿ ಕಡಿಮೆಯ ಅಳತೆಯನ್ನೂ ತೆಗೆದು, ನಡುವಿನ ಎಲ್ಲ ಅಂಕಿಗಳನ್ನು ಅದರ ಆಧಾರದ ಮೇಲೆ ಕಟ್ಟುತ್ತಾರೆ.

ನಮಗೆ ಕೇಳಿಸುವ ಸ್ಥಿತಿ ಇರಲಿಲ್ಲ ಎಂಬ ಈ ಮೂರನೆಯ ವಾಕ್ಯ ನಮ್ಮ ಮನೆಗಳಲ್ಲಿ ಬಳಕೆಯಲ್ಲಿಲ್ಲ. ನಮ್ಮಲ್ಲಿರುವುದು ಎರಡೇ: ಹೇಳಿದರೆ ಕೇಳುತ್ತಾನೆ, ಹೇಳಿದರೆ ಕೇಳುವುದಿಲ್ಲ. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗದ ಮನೆಯನ್ನೇ ನೋಡಿ. ಹರಕೆ, ಕಷಾಯ, ಪರೀಕ್ಷೆ ಎಲ್ಲವೂ ಸೊಸೆಗೆ. ಸಮಾರಂಭಗಳಲ್ಲಿ ಓರೆನೋಟವೂ ಅವಳಿಗೇ. ಬಂಜೆ ಎಂಬ ಮಾತನ್ನು ಬಾಯಿಬಿಟ್ಟು ಹೇಳದ ಮನೆಗಳೂ ಒಳಗೊಳಗೆ ಅದನ್ನು ಬರೆದಿಟ್ಟುಕೊಂಡಿರುತ್ತವೆ. ಪ್ರಯೋಗನಾಳದ ಚಿಕಿತ್ಸೆಯಲ್ಲಿ ಸೂಜಿಯಿಂದ ವೀರ್ಯಾಣುವನ್ನು ನೇರ ಅಂಡದೊಳಗೇ ಇಳಿಸಿದರೂ ಕೆಲವೊಮ್ಮೆ ಅಂಡ ಎಚ್ಚರಗೊಳ್ಳುವುದಿಲ್ಲ. ಅಂಡವೇ ಜೀವವಿಲ್ಲದ್ದು ಎಂದುಬಿಡುವುದು ಸುಲಭ. ಆದರೆ ಅಂಡದೊಳಗೆ ಕ್ಯಾಲ್ಸಿಯಮ್ಮಿನ ಅಲೆ ಎಬ್ಬಿಸುವ ಪ್ರೋಟೀನನ್ನು ತರುವುದು ವೀರ್ಯಾಣು. 2002ರಲ್ಲಿ ವೇಲ್ಸಿನ ಕಾರ್ಡಿಫ್ ನಗರದ ವಿಜ್ಞಾನಿಗಳು ಅದನ್ನು ಗುರುತಿಸಿದರು. ದುಂಡುತಲೆಯ ವೀರ್ಯಾಣುಗಳಂಥ ಕೆಲವು ಪ್ರಸಂಗಗಳಲ್ಲಿ ಆ ಪ್ರೋಟೀನೇ ಕೊರತೆಯಾಗಿರುತ್ತದೆ. ಅಂಥ ಕಡೆ ವೈದ್ಯರು ಅಂಡಕ್ಕೆ ಕೆಲವು ನಿಮಿಷ ಕ್ಯಾಲ್ಸಿಯಂ ಅಯಾನೊಫೋರಿನ ದ್ರಾವಣ ತಾಗಿಸಿ ನೋಡುತ್ತಾರೆ, ಎಷ್ಟೋ ಅಂಡಗಳು ಎಚ್ಚರಗೊಳ್ಳುತ್ತವೆ. ಇದು ಎಲ್ಲರಿಗೂ ಹಾಕುವ ಮದ್ದಲ್ಲ. ವಾಡಿಕೆಯಾಗಿ ಬಳಸಬೇಡಿ, ಫಲಿಸುವುದೇ ಇಲ್ಲ ಅಥವಾ ತೀರ ಕಡಿಮೆ ಎಂದಾದವರಿಗೆ, ದುಂಡುತಲೆಯ ವೀರ್ಯಾಣುವಿನವರಿಗೆ ಮಾತ್ರ ಎಂದು ಯುರೋಪಿನ ತಜ್ಞರ ಸಂಘ 2023ರ ಸಲಹೆಗಳಲ್ಲಿ ಹೇಳಿದೆ. ನಾನು ಹೇಳುತ್ತಿರುವುದು ಚಿಕಿತ್ಸೆಯ ಮಾತನ್ನಲ್ಲ. ಅಂಡದ ಮೌನಕ್ಕೆ ಅಂಡವೇ ಹೊಣೆಯಾಗಿರಬೇಕಿಲ್ಲ ಎಂಬುದನ್ನು. ಗಂಡಸಿನ ಪರೀಕ್ಷೆ ಹೆಂಗಸಿನದಕ್ಕಿಂತ ಸುಲಭ, ಅಗ್ಗ, ನೋವಿಲ್ಲದ್ದು. ಆದರೂ ಎಷ್ಟೋ ಮನೆಗಳಲ್ಲಿ ಅದು ಕೊನೆಗೆ ಉಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು, ಪ್ರಯೋಗಾಲಯದವರು ಅದನ್ನು ಮರೆಯುವುದಿಲ್ಲ. ಅಯಾನೊಮೈಸಿನ್ ಹಾಕಿದಾಗ ಗೆರೆ ಏರಿತು ಎಂಬುದು ಕೋಶದ ಉತ್ತರವಲ್ಲ. ಕೋಶಕ್ಕೆ ತನ್ನದೇ ಬಾಗಿಲುಗಳಿವೆ, ಯಾರಿಗೆ ತೆರೆಯಬೇಕು, ಯಾರಿಗೆ ಬೇಡ ಎಂಬ ವಿವೇಕ ಅವಕ್ಕಿದೆ. ಅಯಾನೊಫೋರ್ ಆ ಬಾಗಿಲುಗಳನ್ನು ಕೇಳುವುದೇ ಇಲ್ಲ, ಪೊರೆಯ ಯಾವ ಕಡೆಯಿಂದ ಬೇಕಾದರೂ ದಾಟಿಸುತ್ತದೆ. ಅಲ್ಲಿ ಏರಿದ್ದು ನಮ್ಮ ಬಲದಿಂದ. ಆ ಬಲಕ್ಕೆ ಬೆಲೆಯೂ ಇದೆ. ಹೆಚ್ಚು ಹಾಕಿದರೆ, ಹೆಚ್ಚು ಹೊತ್ತು ಬಿಟ್ಟರೆ ಕೋಶ ಸಾಯುತ್ತದೆ. ಒಳಗೆ ತುಂಬಿದ ಕ್ಯಾಲ್ಸಿಯಂ ಕೋಶದ ಸ್ವಂತ ಕಿಣ್ವಗಳನ್ನೇ ಅದರ ಮೇಲೆ ಛೂಬಿಡುತ್ತದೆ. ಯಕೃತ್ತಿನ ಕೋಶಗಳಿಗೆ ಬೇರೆ ಬೇರೆ ವಿಷ ಹಾಕಿ ಕೊಂದು ನೋಡಿದ ಸಂಶೋಧಕರು, ಅವೆಲ್ಲ ವಿಷಗಳ ದಾರಿಯೂ ಕೊನೆಗೆ ಕ್ಯಾಲ್ಸಿಯಮ್ಮಿನಲ್ಲೇ ಕೂಡುತ್ತದೆಂದು 1979ರಲ್ಲೇ ಬರೆದಿದ್ದರು. ಹಾಗಾಗಿ ಈ ಹನಿಯ ಸರದಿ ಯಾವಾಗಲೂ ಕೊನೆಗೆ. ಅದಾದ ಮೇಲೆ ಆ ಬಿಲ್ಲೆಯ ಮೇಲಿನ ಕೋಶಗಳಿಂದ ಇನ್ನೇನನ್ನೂ ಕೇಳುವಂತಿಲ್ಲ, ತೊಳೆದು ಮುಂದಿನ ಬಿಲ್ಲೆ ಇಡುತ್ತಾರೆ.

ಮನೆಯಲ್ಲಿ ನಾವು ಈ ಎಚ್ಚರಿಕೆಯನ್ನು ಮರೆಯುತ್ತೇವೆ. ಮೂರು ಸಲ ಕರೆದರೂ ಬಾರದ ಮಗ ನಾಲ್ಕನೆಯ ಸಲ ಗದರಿದಾಗ ಓಡಿ ಬಂದರೆ, “ನೋಡಿದ್ಯಾ, ಈಗ ಹೇಗೆ ಕೇಳಿಸ್ತು?” ಎಂದು ನಾವು ಗೆದ್ದವರಂತೆ ಅವನ ಅಮ್ಮನ ಕಡೆ ತಿರುಗುತ್ತೇವೆ. ಗದರಿಕೆಯಿಂದ ತಿಳಿದದ್ದು ಇಷ್ಟೇ, ಅವನ ಕಿವಿ ಕೆಲಸ ಮಾಡುತ್ತಿದೆ. ಮೊದಲ ಮೂರು ಸಲ ಏಕೆ ಬರಲಿಲ್ಲ ಎಂಬುದು ಹಾಗೆಯೇ ಉಳಿಯಿತು. ಕೂತಲ್ಲೇ ಕೇಳಿದ್ದರೆ, ಲೆಕ್ಕ ಬರುತ್ತಿಲ್ಲ, ತಪ್ಪಾದರೆ ನೀವು ಬಯ್ಯುತ್ತೀರಿ ಅಂತ ಪುಸ್ತಕ ಬಿಟ್ಟು ಏಳಲಿಲ್ಲ ಎಂದು ಹೇಳುತ್ತಿದ್ದನೋ ಏನೋ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ನಮ್ಮ ಸಾಕ್ಷ್ಯ ಕಾನೂನು ಒಪ್ಪದಿರುವುದೂ ಇಂಥದೇ ಒಂದು ತಿಳಿವಳಿಕೆಯಿಂದ. ಮನೆಗೆ ಆ ಕಾನೂನು ಅನ್ವಯವಾಗುವುದಿಲ್ಲ ಎಂದು ನಾವು ಹೇಗೋ ತೀರ್ಮಾನಿಸಿಬಿಟ್ಟಿದ್ದೇವೆ.

ಇನ್ನು, ಗದರಿದರೂ ತಿರುಗಿ ನೋಡದ ಮಕ್ಕಳಿದ್ದಾರೆ. ಅವರಿಗೆ ನಮ್ಮಲ್ಲಿ ಮೊಂಡು, ಮಂಕು ಎಂಬ ಹೆಸರುಗಳು ಸಿದ್ಧವಾಗಿವೆ. ಆದರೆ ಅವರಿಗೆ ನಿಜಕ್ಕೂ ಕೇಳಿಸದೇ ಇರಬಹುದು. ಕೇಳುವುದಕ್ಕೂ ಕ್ಯಾಲ್ಸಿಯಂ ಬೇಕು. ಶಬ್ದದ ಅಲೆ ಒಳಗಿವಿಯ ಕೋಶಗಳ ಮೇಲಿನ ಸೂಕ್ಷ್ಮ ರೋಮಗಳನ್ನು ಬಾಗಿಸಿದಾಗ, ಕೋಶದ ಬುಡದಲ್ಲಿ ಕ್ಯಾಲ್ಸಿಯಂ ಒಳನುಗ್ಗಿ, ನರಕ್ಕೆ ಸುದ್ದಿ ಒಯ್ಯುವ ರಾಸಾಯನಿಕ ಬಿಡುಗಡೆಯಾಗುತ್ತದೆ. ಆ ಕೋಶಗಳು ಹುಟ್ಟಿನಿಂದಲೇ ಸರಿಯಿಲ್ಲದ ಕೂಸು ನಗುತ್ತದೆ, ಅಳುತ್ತದೆ, ಮುಖ ನೋಡಿ ಕೈಕಾಲು ಆಡಿಸುತ್ತದೆ, ಹಾಗಾಗಿ ವರ್ಷ ಕಳೆದರೂ ಮನೆಯವರಿಗೆ ಗೊತ್ತಾಗುವುದಿಲ್ಲ. ಹುಡುಗರಿಗೆ ಮಾತು ತಡ, ಇವನ ಅಪ್ಪನೂ ಹಾಗೇ ಇದ್ದ ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆಗಳಲ್ಲಿ ಮಲಗಿದ ಶಿಶುವಿನ ಕಿವಿಯಲ್ಲಿ ಪುಟ್ಟ ಬಿರಡೆಯಿಟ್ಟು ಒಳಗಿವಿಯಿಂದ ಮರುದನಿ ಬರುತ್ತದೆಯೇ ಎಂದು ನೋಡುವ ಪರೀಕ್ಷೆ ಇದೆ. ಕೆಲವೇ ನಿಮಿಷಗಳ ಕೆಲಸ, ಮಗುವಿಗೆ ಎಚ್ಚರವೂ ಆಗಬೇಕಿಲ್ಲ. ಚೆನ್ನಾಗಿ ಕೇಳುವುದೆಂದು ಗೊತ್ತಿರುವ ಕಿವಿಗೆ ಮೊದಲು ಹಚ್ಚಿ ಯಂತ್ರ ಸರಿಯಿದೆಯೆಂದು ನೋಡಿಕೊಳ್ಳುವ ಪದ್ಧತಿ ಶ್ರವಣತಜ್ಞರಲ್ಲಿ ಇದೆ. ಮೊದಲ ಪರೀಕ್ಷೆಯಲ್ಲಿ ಮರುದನಿ ಬಾರದಿದ್ದರೂ ಕಿವುಡು ಎಂದು ಬರೆಯುವುದಿಲ್ಲ. ಹೆರಿಗೆಯ ಹೊತ್ತಿನ ಮೇಣದಂಥ ಲೇಪವೋ ದ್ರವವೋ ಕಿವಿಯಲ್ಲಿ ಉಳಿದಿರಬಹುದು, ಅದಕ್ಕೇ ಇನ್ನೊಮ್ಮೆ ಕರೆಸುತ್ತಾರೆ. ಹುಟ್ಟಿದ ಒಂದು ತಿಂಗಳೊಳಗೆ ಈ ಪರೀಕ್ಷೆ, ಅನುಮಾನವಿದ್ದರೆ ಮೂರು ತಿಂಗಳೊಳಗೆ ಖಚಿತ, ಬೇಕಿದ್ದರೆ ಆರು ತಿಂಗಳೊಳಗೆ ಶ್ರವಣಸಾಧನ, ಹೀಗೆ ತಜ್ಞರು ಗಡುವು ಇಟ್ಟಿದ್ದಾರೆ. ಹುಟ್ಟುಕಿವುಡನ್ನು ಬೇಗ ಪತ್ತೆಮಾಡುವುದು ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಸೇರಿದೆ. ಮನೆಯಲ್ಲೋ ಪಕ್ಕದ ಮನೆಯಲ್ಲೋ ಎಳೆಗೂಸಿದ್ದರೆ, ಒಂದೂವರೆ ತಿಂಗಳ ಲಸಿಕೆಗೆ ಹೋದಾಗ ಕಿವಿಯ ಪರೀಕ್ಷೆ ಆಗಿದೆಯೇ, ಆಗಿಲ್ಲದಿದ್ದರೆ ಎಲ್ಲಿ ಮಾಡಿಸಬೇಕು ಎಂದು ಅಲ್ಲಿಯ ಸಿಸ್ಟರನ್ನು ಕೇಳಿ ಬನ್ನಿ.